ಒತ್ತಕ್ಷರಕ್ಕೆ ಬಿಟ್ಟ ಬಟ್ಟೆ

ಮೊದಲ ವಾರವೆಲ್ಲ ಎಣಿಸಿದ್ದೇ ಕೆಲಸ.
ಪಿಗ್ಮಿ ಕಟ್ಟಿಸಿಕೊಳ್ಳುವ ಆ್ಯಪಿನಲ್ಲಿ ನಲವತ್ತೊಂದು ಗುಂಡಿ,
ಹದಿನೇಳು ನೀಲಿ,
ಮುಂದೆ ಹೋಗುವುದಕ್ಕೆ ಆರು ದಾರಿ:
ಮುಂದೆ, ಮುಂದುವರಿ, ಮುಂದುವರಿಸಿ, ಮುಂದಿನದು, ಸರಿ,
ಇನ್ನೊಂದು ಬರೀ ಬಾಣ.
ಯಾರೂ ಕೆಟ್ಟವರಲ್ಲ. ಬಂದವರೆಲ್ಲ
ತಮ್ಮದೊಂದು ನೀಲಿ ತಂದಿಟ್ಟು ಹೋಗಿದ್ದಾರೆ,
ವಠಾರದ ಬಚ್ಚಲಲ್ಲಿ ಸೋಪಿಟ್ಟ ಹಾಗೆ.

ಚೌಕಿಪೇಟೆ, ಮೊದಲ ಮಹಡಿ.
ಕೆಳಗೆ ತುಕಾರಾಮಪ್ಪನ ಹೊಲಿಗೆ ಅಂಗಡಿ;
ಅವರು ತುಳಿದಾಗೆಲ್ಲ ನನ್ನ ಮೇಜಿನ ಲೋಟದಲ್ಲಿ ನೀರು ನಡುಗುತ್ತದೆ.
'ಮ್ಯಾಲೆ ಏನ್ ಮಾಡ್ತೀಯವ್ವಾ?'
'ಗುಂಡಿ' ಅಂದೆ.
'ನಾನೂ ಅದನ್ನೇ' ಎಂದು ನಕ್ಕು, ಹಲ್ಲಲ್ಲಿ ದಾರ ಕಡಿದು,
'ಗುಂಡಿ ಯಾವ್ದಾರ ಇರ್ಲಿ, ಮೊದ್ಲು ಕಾಜಾ ಕೇಳು.'
ತಮಾಷೆ ಅಂದುಕೊಂಡು ಮೆಟ್ಟಿಲು ಹತ್ತಿದೆ.

ಸಿದ್ಧ ವ್ಯವಸ್ಥೆಗಳು ಮೂರು ಬಂದವು, ತೂಗಿ ನೋಡಲು.
ಮೂಲೆ ಎಷ್ಟು ದುಂಡಗೆ, ನೆರಳು ಎಷ್ಟು ಆಳ,
ಒಂದಕ್ಕೂ ಇನ್ನೊಂದಕ್ಕೂ ನಡುವೆ ಎಷ್ಟು ಉಸಿರು,
ಎಲ್ಲ ಎಂಟರ ಮಗ್ಗಿಯಲ್ಲಿ.
ಇಸ್ತ್ರಿ ಮಾಡಿ ಮಡಚಿಟ್ಟಂಥ ಪುಟಗಳು.
ಅದರೊಳಗೆ 'ದುಡ್ಡು' ಹಾಕಿದೆ.
ಪಾದ ಕತ್ತರಿಸಿ 'ದುಡು' ಬಂತು.
'ರದ್ದು' ಹೋಗಿ 'ರದು'.
'ಖಾತ್ರಿ' ಹಾಕಿದರೆ ಖಾತಿ,
ಹಳಗನ್ನಡದ ಸಿಟ್ಟು, ಪರದೆ ಮೇಲೆ ನೀಲಿಯಾಗಿ.

'ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಮ್ಮ' ಎಂದರು ಕೊಟ್ರೇಶಿ ಸಾರ್,
'ಒತ್ತಿಲ್ಲದ ಪದ ಹುಡುಕು.'
ಎರಡು ದಿನ ಹುಡುಕಿದೆ. ಹಣ ಸಿಕ್ಕಿತು. ಬೇಡ ಸಿಕ್ಕಿತು.
ಆದರೆ ಖಾತೆದಾರರ ಪಟ್ಟಿ ತೆರೆದರೆ
ಸಿದ್ದವ್ವ, ಮಲ್ಲಪ್ಪ, ಕೆಂಚಮ್ಮ.
ಯಾರ ಕಾಲು ಮುರಿಯಲಿ?
ಅಕ್ಕನಿಂದ ಕಿತ್ತರೆ ಅಕ, ಅಪ್ಪನಿಂದ ಅಪ,
ಕರೆದರೆ ಓಗೊಡುವವರಿಲ್ಲ.

ಸಂಜೆ ಕೆಳಗಿಳಿದೆ. ಅವರು ಸ್ಕೂಲಿನ ಪ್ಯಾಂಟು ಮಡಚುತ್ತಿದ್ದರು,
ಮೂರು ಬೆರಳು ಬಟ್ಟೆ ಒಳಗೇ ಬಿಟ್ಟು.
'ಮುಂದಿನ ಜೂನಿಗೆ ಬಿಚ್ಚಿದ್ರಾತು, ಹುಡುಗ ಬೆಳೀತಾನ.'
ಪಕ್ಕದಲ್ಲಿ ಅಳತೆ ಪುಸ್ತಕ, ಎಣ್ಣೆಗೆ ರಟ್ಟು ಕಪ್ಪಾದದ್ದು:
'ಎಡಭುಜ ಅರ್ಧ ಇಂಚು ಇಳಿಕೆ. ಮೂಟೆ ಹೊರ್ತಾನ.'
'ಕಿಸೆ ಆಳ ಇರ್ಲಿ. ಕೈ ನಡುಗ್ತೈತಿ, ಚಿಲ್ರೆ ಬೀಳ್ತಾವ.'
ನಾನು ಬರೆದಿಟ್ಟಿದ್ದು ತೊಂಬತ್ತು ಪುಟ.
ಎಷ್ಟು ಎಂಬುದಿತ್ತು, ಎಲ್ಲಿ ಎಂಬುದಿತ್ತು.
ಯಾಕೆ ಎಂಬುದು ಒಂದು ಪುಟದಲ್ಲೂ ಇರಲಿಲ್ಲ.

ಮರುದಿನ ಪಿಗ್ಮಿ ಬಕ್ಕೇಶಿಯ ಗಾಡಿ ಹಿಂದೆ ಕೂತು ಮಂಡಿಪೇಟೆ ತಿರುಗಿದೆ.
ಮಧ್ಯಾಹ್ನದ ಬಿಸಿಲಲ್ಲಿ ತಿಳಿಬೂದು ಅಕ್ಷರ ಅಕ್ಷರವೇ ಅಲ್ಲ.
ಒಂದು ಕೈಲಿ ಬೀಗದ ಕೈ, ರಸೀದಿ, ಹಲ್ಲಲ್ಲಿ ಪೆನ್ನು;
ಉಳಿದದ್ದು ಅವನ ಹೆಬ್ಬೆರಳೊಂದೇ.

ಪುಟ ಹನ್ನೆರಡು, ತಿದ್ದಿದ ಪ್ರತಿ:
ಗುಂಡಿಯ ಎತ್ತರ ಐವತ್ತಾರು ಚುಕ್ಕಿ, ಬಕ್ಕೇಶಿಯ ಹೆಬ್ಬೆರಳಿಗಾಗಿ.
ಅಕ್ಷರದ ಕೆಳಗೆ ಹನ್ನೆರಡು ಚುಕ್ಕಿ ಖಾಲಿ.
ಚೆಂದ ಕಾಣುವುದಿಲ್ಲವೆಂದು ಕತ್ತರಿಸಬೇಡಿ.
ಅದು ಕೆಂಚಮ್ಮನ ಜಾಗ.

ಹರಿಹರದಿಂದ ಬರುವ ತಸ್ಕೀನ್, ಸೇರಿ ಮೂರನೇ ದಿನ,
ಪೂರ್ತಿ ಓದಿ ಬಂದು ಕೇಳಿದಳು:
'ಚಿಕ್ಕಜಾಜೂರು ಶಾಖೆ ಅಂತ ಎರಡು ಸಾಲಾದ್ರೆ
ಮೇಲಿನ ಒತ್ತು ಕೆಳಗಿನ ಕೊಂಬನ್ನ ತುಳಿಯುತ್ತಲ್ಲ ಮೇಡಂ?'
ತುಳಿಯುತ್ತಿತ್ತು. ನೋಡಿರಲಿಲ್ಲ.
ಪುಟ ಅವಳ ಕಡೆ ತಿರುಗಿಸಿದೆ.

ನೀಲಿ ಈಗ ಮೂರೇ.
ಮೂರನೆಯದು ಯಾರು ತಂದರೋ, ತೆಗೆದರೆ
ಜಗಳೂರಿನ ರಸೀದಿ ನಿಂತುಹೋಗುತ್ತದೆ.
ಅದರ ಪುಟದಲ್ಲಿ ಇಷ್ಟೇ ಇದೆ:
'ಕಾರಣ ಗೊತ್ತಿಲ್ಲ. ಗೊತ್ತಿದ್ದವರು ಬರೆಯಿರಿ.'
ಕೆಳಗೆ ಮೂರು ಬೆರಳು ಬಿಟ್ಟಿದ್ದೇನೆ.