ಆಷಾಢದ ಎಣಿಕಿ

ಸೋಮವಾರ, ಟೆಂಡರ್ ದಿನ. ಬ್ಯಾಡಗಿ ಯಾರ್ಡಿನ್ಯಾಗ
ನೆಲಾ ಕಾಣಂಗಿಲ್ಲ, ಚೀಲದ ಮ್ಯಾಲೆ ಚೀಲ.
ನನ್ನ ಖೋಲ್ಯಾಗ ಸ್ಕ್ರೀನಿನ ನಡುವ
ಒಂದು ಸಣ್ಣ ಬಳಿ ತಿರಗತೈತಿ, ತಿರಗತೈತಿ.
ಕಿಡಕ್ಯಾಗ ಮುಖ ಇಟ್ಟು ಖರೀದಿದಾರನ ಗುಮಾಸ್ತ:
"ಮೇಡಂ, ಒಂದ ಲಾಟಿನ ರೇಟಿಗೆ ನಾಲ್ಕು ಮಿನಿಟ?"
ಕೇಳಿ ಸೀನ್ತಾನ. ನಾನೂ ಸೀನ್ತೀನಿ.
ಈ ಘಾಟಿಗೆ ಸೀನದ್ದು ಇಲ್ಲೆ ಸರ್ವರ್ ಒಂದ.

ಮೊದಲ ಇಂಡೆಕ್ಸ್ ಮಾಡಿದ್ದೆ ತಳಿ ಮ್ಯಾಲೆ:
ಕಡ್ಡಿ, ಡಬ್ಬಿ, ಗುಂಟೂರ.
ಹಮಾಲ ಗುಡ್ಡಪ್ಪ ಕೇಳಿ ನಕ್ಕಿದ್ದ:
"ಬ್ಯಾಡಗಿಗೆ ಬಂದು ಕೆಂಪಂದು ಎಲ್ಲೈತಿ ಅಂದಂಗಾತು, ಅಕ್ಕಾರ.
ಅಂಗಡಿ ನಂಬರ್ ಹೇಳ್ರಿ, ಆಮ್ಯಾಲೆ ಲಾಟ್ ಹೇಳ್ರಿ,
ಕಣ್ಣು ಕಟ್ಟಿದ್ರೂ ಹೋಗಿ ಕೈ ಇಡ್ತೀನಿ."
ಹಂಗ ಮಾಡಿದೆ.
ದೀಪಾವಳಿ ತನಾ ತಕರಾರಿರಲಿಲ್ಲ.

ಇವತ್ತೂ ಆ ದಾರಿ ಐತಿ, ಯಂತ್ರ ಅದನ್ನ ತುಳಿಯವಲ್ದು.
ಮೊದಲ ಸಾಲಿನಿಂದ ಕಡೀ ಸಾಲಿನ ತನಾ
ಒಂದೊಂದ ಚೀಲಾ ಬಿಚ್ಚಿ, ಮೂಸಿ, ಮತ್ತ ಹೊಲಿದು
ಮುಂದ ಹೊಂಟೈತಿ. ಮುಂದಿನ ಲಾಟಿಗೆ ಮತ್ತ ಮೊದಲಿಂದ.
ಓಡಬ್ಯಾಡ, ಹೆಂಗ ಓಡ್ತೀ ಅಷ್ಟ ಹೇಳು
ಅಂತ ಕೇಳಾಕ ಒಂದು ಆಜ್ಞೆ ಐತಿ. ಕೇಳಿದೆ.
ಹೇಳ್ತು. ಅಂದಾಜು ಸಾಲು: ನೂರಾ ಹನ್ನೆರಡು.

ನೂರಾ ಹನ್ನೆರಡು!
ಲಾಟು, ಟೆಂಡರು ಕೂಡಿ ಒಂಬತ್ತು ಲಕ್ಷ ದಾಟ್ಯಾವ.
ಎಂದಿನ ಲೆಕ್ಕ ಇದು? ತಾರೀಖು ನೋಡಿದೆ.
ಆಷಾಢ. ಯಾರ್ಡ್ ಖಾಲಿ, ತಗಡಿನ ಮ್ಯಾಲೆ ಮಳಿ ಸಪ್ಪಳ,
ಕಟ್ಟಿ ಮ್ಯಾಲೆ ನಾಯಿಗೋಳು ಮಲಗಿದ್ವು.
ರಾತ್ರಿ ಎಣಿಸೋ ಕೆಲಸಾ ನಾನ ಬಂದ್ ಮಾಡಿದ್ದೆ,
ಕರೆಂಟ್ ಹೋಗಿ ಹೋಗಿ ಬರ್ತಿತ್ತಂತ. ಮರತೆ.
ಅವತ್ತಿನಿಂದ ಅದರ ತಲ್ಯಾಗ ಅದ ಮಳಿ, ಅವ ನಾಯಿಗೋಳು.
ಇದ್ದದ್ದ ಇಷ್ಟು, ಇದಕ್ಕ್ಯಾಕ ಇಂಡೆಕ್ಸ್,
ಕುಂತಲ್ಲೇ ಎಲ್ಲಾ ಕಾಣತೈತಿ ಅಂತ ನಂಬೇತಿ.
ದಡ್ಡ ಅಲ್ಲ ಅದು.
ಯಾರೂ ಬಂದು ಹೇಳಿಲ್ಲ.

ಕಾರ್ಯದರ್ಶಿ ಫೋನ್ ಮಾಡಿದ್ರು: "ಹೊಸಾ ಸರ್ವರ್ ತರಸೂಣೇನು?"
"ತಡೀರಿ, ಎಣಸಾಕ ಹಚ್ಚೀನಿ."
"ಏನ್ ಎಣಸ್ತೈತಿ ಈಗ?"
"ಸುಗ್ಗಿ ಬಂದದ್ದ ಅದಕ್ಕ ಗೊತ್ತಿಲ್ಲರೀ."

ಹನ್ನೊಂದು ಸೆಕೆಂಡ್ ಎಣಸ್ತು.
ಗುಮಾಸ್ತನ ರೇಟು ಅವ ಸೀನಿ ಮೂಗು ಒರಸೂದ್ರಾಗ ಬಂತು.

ಸಂಜೀಕ ಗುಡ್ಡಪ್ಪ ಚಾ ತಂದ, ಅಂಗಿ ತುಂಬ ಕೆಂಪು ಧೂಳು.
"ಇಬ್ಬರ ಅಲ್ಲೇನೋ ಮಕ್ಕಳು ನಿನಗ?" ಅಂದೆ, ಮಾತಿಗೆ.
ಕಪ್ಪು ಟೇಬಲ್ ಮ್ಯಾಲಿಟ್ಟು ಅಂದ:
"ಮೂರನೇದಾಕಿ ಸಾಲಿಗೆ ಹೊಂಟು ಎರಡು ವರ್ಷಾತಲ್ರೀ, ಅಕ್ಕಾರ."