೬೧೪ರ ಚೀಟಿ

ಮತ್ರಾ ಬಂದರಿನ ಊರು
ನೀರಮಟ್ಟದ ಕೆಳಗಿನ ನಮ್ಮ ಲಾಂಡ್ರಿಗೆ
ಗೊತ್ತಾಗುವುದು ಬಟ್ಟೆಯಿಂದ:
ಕಾಲುಚೀಲದಲ್ಲಿ ಕೋಟೆಯ ಮಣ್ಣು,
ಕಾಲರಿಗೆ ಲೋಬಾನದ ಹೊಗೆ,
ಮಕ್ಕಳ ಚಡ್ಡಿಗೆ ಹಲ್ವದ ಜಿಡ್ಡು.
ಆರು ಸಲ ಬಂದಿದ್ದೇನೆ ಹೀಗೆ. ಇಳಿದಿಲ್ಲ.

ಇವತ್ತು ನನಗೂ ರಜೆ, ಎರಡರಿಂದ ಐದು.

ಹನ್ನೊಂದಕ್ಕೆ ೬೧೪ರ ಪ್ಯಾಂಟು ಬಂತು.
ಧೂಳಿಲ್ಲ, ಬೆವರಿಲ್ಲ,
ಮಂಡಿಯ ಹತ್ತಿರ ಮುಲಾಮಿನ ಕಲೆ.
ಜೇಬಲ್ಲಿ ಚೀಟಿ, ಪೆನ್ಸಿಲ್ ಬರಹ, ಮಣಿ ಪೋಣಿಸಿದ ಹಾಗೆ:
ಒಂಬತ್ತಕ್ಕೆ ಮೀನು ಮಾರುಕಟ್ಟೆ.
ಹತ್ತಕ್ಕೆ ಬೆಳ್ಳಿ ಅಂಗಡಿ ಓಣಿ, ಚೌಕಾಸಿ ಮಾಡಲೇಬೇಕು.
ಹನ್ನೊಂದೂವರೆಗೆ ಕೋಟೆ. ನಿಧಾನ, ಮೆಟ್ಟಿಲು ಜಾಸ್ತಿ.
ಆಮೇಲೆ ಕಡಲ ದಂಡೆಯಲ್ಲಿ ಸುಮ್ಮನೆ.
'ಸುಮ್ಮನೆ'ಯ ಅಡಿಗೆ ಎರಡು ಗೆರೆ.

"ಅಜ್ಜಿಗೆ ಮಂಡಿ ಊದಿದೆ," ಅಂದ ಕೋಣೆ ನೋಡುವ ಜೋಮಾರ್,
"ಕಿಟಕಿಗೆ ಕುರ್ಚಿ ಎಳೆಸಿಕೊಂಡು ಕೂತಿದ್ದಾಳೆ."

ನಾನು ಯೋಚಿಸಿದ್ದು ಒಂದು ಸಿಮ್ಮು,
ಒಂದು ಪ್ಲೇಟು ಕುಚ್ಚಲಕ್ಕಿ ಅನ್ನ,
ಅಲುಗಾಡದ ಕುರ್ಚಿ. ಅಷ್ಟೆ.
ಯಾಕೋ ಚೀಟಿ ಹಿಡಿದೇ ಇಳಿದೆ.

ಮೀನು ಮಾರುಕಟ್ಟೆ ತೊಳೆದು ಮುಗಿದಿತ್ತು; ಬೆಕ್ಕುಗಳಿದ್ದವು.
ಓಣಿಗೆ ಮಧ್ಯಾಹ್ನದ ಬಾಗಿಲು.
ಕೋಟೆ ಹತ್ತಿದೆ, ದಿನಕ್ಕೆ ಹನ್ನೆರಡು ಗಂಟೆ ನಿಲ್ಲುವ ಕಾಲಲ್ಲಿ,
ಎಪ್ಪತ್ತು ದಾಟಿದವರ ಹಾಗೆ
ನಿಂತು ನಿಂತು.
ಮೇಲಿನಿಂದ ಹಡಗು ಕಂಡಿತು, ಕಿಟಕಿ ಸಾಲು ಸಾಲು.
ಆರನೆಯ ಮಹಡಿ ಯಾವುದೆಂದು ಎಣಿಸಿದೆ,
ತಪ್ಪಿತು, ಮತ್ತೆ ಎಣಿಸಿದೆ.
ಕೈ ಎತ್ತಲೋ ಬೇಡವೋ.

ಅನ್ನ ಸಿಗಲಿಲ್ಲ. ಸಿಮ್ಮು ಮರೆತೇಹೋಯಿತು.
ರಾತ್ರಿ ಪ್ಯಾಂಟಿಗೆ ಇಸ್ತ್ರಿ ಗೆರೆ ಕೂರಿಸಿ
ಚೀಟಿಯನ್ನು ಜೇಬಿಗೇ ಹಿಂತಿರುಗಿಸಿದೆ.
ಕೋಟೆಯ ಮುಂದೆ ಒಂದು ಟಿಕ್ಕು.
'ಸುಮ್ಮನೆ'ಯ ಮುಂದೆ ಅರ್ಧ.