ಕರ್ಚೀಫು ಹಾಕಿದ ಸೀಟು

ಪೀಣ್ಯ ಎರಡನೇ ಹಂತ, ಬೇರಿಂಗ್ ಕಾರ್ಖಾನೆಯ ಮಹಡಿ.
ಒಂದು ಯೂನಿಕ್ಸ್ ಪೆಟ್ಟಿಗೆ, ಒಂದು ಮೋಡೆಮ್,
ಗೊಣಗಿಕೊಂಡು ಕೊಟ್ಟ ಒಂದೇ ಒಂದು ಟೆಲಿಫೋನ್ ಲೈನು.
ಹಗಲಿಡೀ ಅದರಲ್ಲಿ ಪರ್ಚೇಸಿನ ಗುರುಬಸಪ್ಪ
ಉಕ್ಕಿನ ರೇಟಿಗೆ ಜಗಳಾಡುತ್ತಿದ್ದರು.
ಎಂಟು ಗಂಟೆಯ ಮೇಲೆ ನನ್ನದು.

ನನ್ನದು ಅಂದರೆ ಅರ್ಧ.
ಹೊಸೂರು ಘಟಕದ ಲೂರ್ದುಸ್ವಾಮಿ ಅದರಲ್ಲೇ ಒಳಗೆ ಬರಬೇಕು,
ದಿನದ ಲೆಕ್ಕ ಒಪ್ಪಿಸಲಿಕ್ಕೆ;
ನಾನು ಅದರಲ್ಲೇ ಹೊರಗೆ ಹೋಗಬೇಕು, ಪುಣೆಗೆ, ಆ ಲೆಕ್ಕ ಹೊತ್ತು.
ಕಾಯುವಾಗ ಒಂದು ಹೆಸರು ಆ ತಂತಿಗೆ, ಕರೆಯುವಾಗ ಇನ್ನೊಂದು.
ನನಗಿಲ್ಲವೇ,
ಮನೆಯಲ್ಲಿ ಪಾಪಚ್ಚಿ, ರೇಷನ್ ಕಾರ್ಡಿನಲ್ಲಿ ಪದ್ಮಾಕ್ಷಿ.

ಮೊದಲ ವಾರ ಇಬ್ಬರೂ ಸೇರಿ ನನ್ನ ಮರ್ಯಾದೆ ತೆಗೆದರು.
ಮಿಷಿನ್ನು ಕೇಳಿತು: ಲಾಗಿನ್?
ಕೇಳಿದ್ದನ್ನೇ ಒಪ್ಪಿಸುವ ಮೋಡೆಮ್ಮು: ಲಾಗಿನ್.
ಓಹೋ, ಲಾಗಿನ್ ಅನ್ನುವವರು ಬಂದರು. ಪಾಸ್‌ವರ್ಡ್?
ಪಾಸ್‌ವರ್ಡ್.
ತಪ್ಪು. ಲಾಗಿನ್?
ಲಾಗಿನ್.
ಬೆಳಕು ಹರಿಯುವವರೆಗೆ. ನಾನು ಬರುವ ಹೊತ್ತಿಗೆ
ಡಿಸ್ಕಿನ ತುಂಬ ಇವರ ಉಪಚಾರದ ದಾಖಲೆ.
ಕೈಪಿಡಿ ತಿರುವಿ ಮೋಡೆಮ್ಮಿಗೆ ಬುದ್ಧಿ ಹೇಳಿದೆ:
ತಿರುಗಿ ಹೇಳಬೇಡ. ಫೋನು ಬಂದರೆ ಎತ್ತು,
ಬಾಯಿ ಮುಚ್ಚಿಕೊಂಡು ಎತ್ತು.

ಆಮೇಲೆ ಬೀಗದ ಪಾಠ.
ಬೀಗವೆಂದರೆ ಬೀಗವಲ್ಲ, ಪುಟ್ಟ ಫೈಲು,
ಒಳಗೆ ಲೈನು ಹಿಡಿದವನ ನಂಬರು, ಅಷ್ಟೇ.
ಅದಿರುವ ತನಕ ಬೇರೆಯವರು ಮುಟ್ಟುವ ಹಾಗಿಲ್ಲ.
ಶಿವಾಜಿನಗರದಲ್ಲಿ ಬಸ್ಸು ನಿಲ್ಲುವ ಮೊದಲೇ
ಕಿಟಕಿಯಿಂದ ಕರ್ಚೀಫು ಎಸೆಯುತ್ತಾರಲ್ಲ,
ಹಾಗೆ.
ಯಾವ ಕಾನೂನಿನಲ್ಲೂ ಇಲ್ಲ. ಆದರೂ
ಅದನ್ನು ಎತ್ತಿ ಬಿಸಾಕಿ ಕೂತವರನ್ನು ನಾನು ಕಂಡಿಲ್ಲ,
ಒಬ್ಬಳನ್ನು ಬಿಟ್ಟು. ಅವಳು ನಮ್ಮಮ್ಮ.

ಆಗಸ್ಟಿನ ಒಂದು ರಾತ್ರಿ ಪುಣೆಗೆ ಹಚ್ಚಿ, ಕೊನೆಯ ಬಸ್ಸಿಗೆ ಓಡಿದೆ.
ನೂರಾ ಎಂಬತ್ತೇಳನೇ ನಂಬರಿನವನು ನಡುದಾರಿಯಲ್ಲಿ ಸತ್ತ.
ಕರ್ಚೀಫು ಉಳಿಯಿತು.
ಇವನು ಬದುಕಿದ್ದಾನೋ ಎಂದು ವಿಚಾರಿಸುವಷ್ಟು ಬುದ್ಧಿ
ನಮ್ಮ ಹಳೇ ಪ್ರೋಗ್ರಾಮಿಗಿರಲಿಲ್ಲ.
ಖಾಲಿ ಸೀಟಿನ ಪಕ್ಕ ಮರ್ಯಾದೆಯಾಗಿ ನಿಂತೇ ಇತ್ತು, ರಾತ್ರಿಯಿಡೀ,
ಫೋನು ಹೊಡೆದುಕೊಳ್ಳುತ್ತಿದ್ದರೂ.

ಬೆಳಗ್ಗೆ ಗೇಟಿನಲ್ಲಿ ಕೆಸರಾದ ಸ್ಕೂಟರು.
ಟಿಫಿನ್ ಡಬ್ಬಿಯ ಮೇಲಿನ ಬಟ್ಟಲಲ್ಲಿ ಫ್ಲಾಪಿ.
ಎರಡು ವರ್ಷ ನಾನು ಬಲ್ಲದ್ದು ಅವನ ನಾಲ್ಕಕ್ಷರ,
ಮೂರನೆಯದನ್ನು ಪ್ರತಿ ಸಲ ತಪ್ಪು ಒತ್ತಿ ಅಳಿಸುವ ಬೆರಳು.
ಕನ್ನಡಕವಿದೆ ಎಂದು ಗೊತ್ತಿರಲಿಲ್ಲ.
"ಹನ್ನೊಂದು ಸಲ ಮಾಡ್ದೆ ಮೇಡಮ್. ರಿಂಗ್ ಆಗ್ತದೆ, ಯಾರೂ ಎತ್ತಲ್ಲ.
ಬ್ಯುಸಿ ಅಂದಿದ್ರೆ ಮಲಗಿಬಿಡ್ತಿದ್ದೆ."

ಅವನೆದುರಿಗೇ ಆ ಫೈಲು ಅಳಿಸಿದೆ. ಒಂದು ಸಾಲು.
ಕ್ಷಣ ಬಿಟ್ಟು ಮೋಡೆಮ್ಮಿನ ಕೆಂಪು ದೀಪ.
"ಇಷ್ಟೇನಾ?"
ಇಷ್ಟೇ.

ನಂಬಲಿಲ್ಲ ಅವನು. ಕಾಫಿ ಹಾಗೇ ಬಿಟ್ಟು
ವಾಚ್‌ಮನ್ನಿನ ಕೋಣೆಗೆ ಇಳಿದು ಹೋಗಿ ನಂಬರು ತಿರುಗಿಸಿದ.
ನಾನು ಮೇಲೆ ಕಿಟಕಿಯಲ್ಲಿ.
ಒಂದು ರಿಂಗು. ಎರಡನೆಯದಕ್ಕೆ ಮೋಡೆಮ್ಮು ಎತ್ತಿ ಕಿರುಚಿತು.
ಅಂಥ ಕರ್ಕಶಕ್ಕೆ ಯಾರಾದರೂ ರಿಸೀವರು ದೂರ ಹಿಡಿಯುತ್ತಾರೆ.
ಅವನು ಕಿವಿಗೆ ಒತ್ತಿಕೊಂಡೇ ನಿಂತಿದ್ದ,
ವಾಚ್‌ಮನ್ ಏನೋ ಕೇಳುತ್ತಿದ್ದರೆ
ತಾಳಿ, ಎಂದು ಇನ್ನೊಂದು ಕೈ ಎತ್ತಿ.